ಭೂತಗನ್ನಡಿ ಭಾವನ ಗಿಡ್ಡರೆಕ್ಕೆ

ನಮ್ಮ ಭಾವ ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಹಾಲಿನ ಪಾತ್ರೆ ಮೂಸುವುದು. ಹಾಲು ಕಾಯಿಸಿದವಳು ನಾನು, ಚೆನ್ನಾಗಿದೆ ಎಂದು ಹೇಳಿದವಳೂ ನಾನು. ಆದರೂ ಮೂಸಲೇಬೇಕು. ಬಸ್ಸಿನ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಕಂಡಕ್ಟರ್ ಹೌದೆಂದ ಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳಿ, ಆಮೇಲೆ ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ನೋಡುತ್ತ ಅನುಮಾನ ಪಡುತ್ತಿದ್ದರು. ಯಾರಾದರೂ ಹೊಗಳಿದರಂತೂ ಮುಗಿದೇ ಹೋಯಿತು. "ಇವನಿಗೆ ನನ್ನಿಂದ ಏನೋ ಆಗ್ಬೇಕಾಗಿದೆ" ಎಂದು ವಾರವಿಡೀ ತಲೆ ಕೆರೆದುಕೊಳ್ಳುವರು. ಅನುಮಾನ ಪಡುವುದರಲ್ಲಿ ನಮ್ಮ ಭಾವ ಎತ್ತಿದ ಕೈ.

ಭಾವ ಅಂದರೆ ನನ್ನ ಅಕ್ಕನ ಗಂಡ. ಊರಿನ ವಸ್ತುಸಂಗ್ರಹಾಲಯದ ಕೀಟ ವಿಭಾಗದಲ್ಲಿ ತಜ್ಞರು. ಕತ್ತಿನಲ್ಲಿ ಸದಾ ಒಂದು ಮಸೂರ ನೇತಾಡುತ್ತಿದ್ದುದರಿಂದ ಅಲ್ಲಿಯವರು ಬೆನ್ನ ಹಿಂದೆ ಅವರನ್ನು ‘ಭೂತಗನ್ನಡಿ’ ಎನ್ನುತ್ತಿದ್ದರು. ನಾನು ಎದುರಿಗೇ ಅನ್ನುತ್ತಿದ್ದೆ. ಅವರು ನನ್ನನ್ನು ‘ಸೂಜಿ’ ಎನ್ನುತ್ತಿದ್ದರು. ನಾನು ಬಟ್ಟೆ ಹೊಲಿಯುವವಳು ಹೌದು, ಆದರೆ ಆ ಹೆಸರು ಬಂದದ್ದು ನನ್ನ ಕೆಲಸದಿಂದಲ್ಲ, ನನ್ನ ನಾಲಿಗೆಯಿಂದ. ಅಕ್ಕನ ಮಂಡಿ ಕೆಟ್ಟಾಗ ಸಹಾಯಕ್ಕೆಂದು ಬಂದವಳು ಆ ಮನೆಯಲ್ಲೇ ಉಳಿದುಬಿಟ್ಟೆ. ಬೀದಿ ಕಡೆಯ ಕಿಟಕಿಯ ಕೆಳಗೆ ನನ್ನ ಹೊಲಿಗೆ ಯಂತ್ರ ಇತ್ತು. ಊರಿನ ಅರ್ಧ ಜನರ ಅಳತೆ ನನಗೆ ಬಾಯಿಪಾಠ.

ಭಾವನ ಜೀವ ಇದ್ದದ್ದು ಕಲ್ಲುನೊಣದಲ್ಲಿ. ತಣ್ಣಗೆ ಹರಿಯುವ ತೊರೆಯ ತಳದಲ್ಲಿ ಕಲ್ಲಿಗೆ ಅಂಟಿಕೊಂಡು ಅದರ ಮರಿ ಬೆಳೆಯುತ್ತದೆ. ಬಲಿತ ಮೇಲೆ ಕಲ್ಲು ಹತ್ತಿ ನೀರಿನಿಂದ ಹೊರಗೆ ಬಂದು, ಬೆನ್ನು ಸೀಳಿಕೊಂಡು, ಹಳೇ ಚರ್ಮವನ್ನು ಅಲ್ಲೇ ಬಿಟ್ಟು ರೆಕ್ಕೆಯ ಹುಳುವಾಗುತ್ತದೆ. ಬೂದು ಬಣ್ಣ, ಉಗುರಿನಷ್ಟು ಉದ್ದ. ಕಚ್ಚುವುದಿಲ್ಲ, ಗುಂಯ್‌ಗುಡುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಅಂಥ ಬಡಪಾಯಿ ಹುಳದ ಮೇಲೂ ಭಾವನಿಗೆ ಅನುಮಾನ ಬಂದಿತ್ತು ನೋಡಿ.

ಊರಾಚೆಯ ತೊರೆಯ ಕೆಳಭಾಗದಲ್ಲಿ ಸಿಗುವ ನೊಣಗಳಿಗೆ ರೆಕ್ಕೆ ಉದ್ದ. ಮಡಚಿದರೆ ಬೆನ್ನಿನ ತುದಿಯನ್ನೂ ದಾಟುತ್ತದೆ. ಮೇಲ್ಭಾಗದ ಕೊರೆಯುವ ನೀರಿನಲ್ಲಿ ಸಿಗುವವಕ್ಕೆ ರೆಕ್ಕೆ ಗಿಡ್ಡ. ಬಟ್ಟೆ ಸಾಲದೆ ಹೊಲಿದ ಮೇಲಂಗಿಯ ಹಾಗೆ ನಡುಬೆನ್ನಿಗೇ ಮುಗಿದುಹೋಗುತ್ತದೆ. ಎರಡೂ ಒಂದೇ ಪ್ರಭೇದ ಎಂದು ಎಲ್ಲರೂ ತಿಳಿದಿದ್ದರು. ಪ್ರಾಯದ ಭಾವ ಮಾತ್ರ ಒಪ್ಪಲಿಲ್ಲ. ಗಿಡ್ಡರೆಕ್ಕೆಯದು ಬೇರೆಯದೇ ಪ್ರಭೇದ ಎಂದು ವಾದಿಸಿದರು, ಬರೆದರು, ಗೆದ್ದರು. ಹೊಸ ಪ್ರಭೇದಕ್ಕೆ ಹೆಸರಿಡುವ ಹಕ್ಕು ಅವರದಾಯಿತು. ಆಗಷ್ಟೇ ಮದುವೆಯಾಗಿತ್ತು, ಅಕ್ಕನ ಹೆಸರು ಇಟ್ಟರು.

"ನಾನು ಒಂದು ಕೈಗಡಿಯಾರ ಕೇಳಿದ್ದೆ, ಈ ಪುಣ್ಯಾತ್ಮ ಹುಳಕ್ಕೆ ನನ್ನ ಹೆಸರು ಇಟ್ಟು ಬಂದ್ರು" ಎಂದು ಅಕ್ಕ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬೈಗುಳವೆಲ್ಲ ಬಾಯಿಮಾತಿಗೆ. ಹೇಳುವಾಗ ಅವಳ ಮುಖ ಇಷ್ಟಗಲ ಅರಳಿರುತ್ತಿತ್ತು.

ಹೀಗಿರುವಾಗ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದರು. ಎಲ್ಲರೂ ಅವರನ್ನು ಹೊಸ ಮೇಡಂ ಎನ್ನುತ್ತಿದ್ದರು. ವಯಸ್ಸಿನಲ್ಲಿ ಭಾವನಿಗಿಂತ ಬಹಳ ಚಿಕ್ಕವರು. ಅವರು ಹಳೇ ಪೆಟ್ಟಿಗೆಗಳನ್ನೆಲ್ಲ ತೆಗೆಸಿ ನೋಡಿ, ಒಂದು ದಿನ ಭಾವನನ್ನು ಕರೆದು ಮೆತ್ತಗೆ ಹೇಳಿದರಂತೆ: "ಸರ್, ಗಂಡು ನೊಣದ ಬಾಲದ ತುದಿಯ ಕೊಕ್ಕೆ ಎರಡರಲ್ಲೂ ಒಂದೇ ಥರ ಇದೆ. ತೊರೆ ನಡುಭಾಗದಲ್ಲಿ ಹುಡುಕಿದ್ರೆ ಮಧ್ಯಮ ರೆಕ್ಕೆಯವೂ ಸಿಗ್ತಿವೆ. ಇದು ಒಂದೇ ಪ್ರಭೇದ ಅನ್ಸುತ್ತೆ. ರೆಕ್ಕೆ ಮಾತ್ರ ಹೆಚ್ಚು ಕಮ್ಮಿ."

ಭಾವ ಆವತ್ತು ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಆ ಹೆಂಗಸಿಗೆ ನನ್ನ ಕುರ್ಚಿ ಮೇಲೆ ಕಣ್ಣು."

"ರೀ, ಅವರು ನಿಮ್ಮ ಮೇಲಧಿಕಾರಿ. ಅವರ ಕುರ್ಚಿ ನಿಮ್ಮದಕ್ಕಿಂತ ದೊಡ್ಡದು" ಎಂದಳು ಅಕ್ಕ.

"ಅದಕ್ಕೇ ನನಗೆ ಅನುಮಾನ!"

ಇದನ್ನು ಇತ್ಯರ್ಥ ಮಾಡಲು ಇದ್ದದ್ದು ಒಂದೇ ದಾರಿ. ಒಂದು ತಾಯಿಯ ಮೊಟ್ಟೆಗಳನ್ನು ಸಾಕಿ ನೋಡಬೇಕು. ಉದ್ದರೆಕ್ಕೆಯ ತಾಯಿಗೆ ಉದ್ದರೆಕ್ಕೆಯ ಮಕ್ಕಳೇ ಆದರೆ ಭಾವ ಗೆದ್ದ ಹಾಗೆ. ಒಂದೇ ತಾಯಿಯ ಮಕ್ಕಳಲ್ಲಿ ಉದ್ದವೂ ಗಿಡ್ಡವೂ ಬಂದರೆ ಮೇಡಂ ಗೆದ್ದ ಹಾಗೆ, ಅಕ್ಕನ ಹೆಸರಿನ ಪ್ರಭೇದ ಅಳಿಸಿಹೋದ ಹಾಗೆ. ಭಾವ ತೊರೆಯ ಕೆಳಭಾಗದಿಂದ ಉದ್ದರೆಕ್ಕೆಯ ಒಂದು ತಾಯಿಯನ್ನು ಹಿಡಿದು ತಂದರು. ಅದರ ಹೊಟ್ಟೆಯ ತುದಿಗೆ ಮೊಟ್ಟೆಗಳು ಕರಿ ಉಂಡೆಯಾಗಿ ಅಂಟಿಕೊಂಡಿದ್ದವು. ಸಾಕಿದ್ದು ಕಚೇರಿಯಲ್ಲಲ್ಲ, ಮನೆಯಲ್ಲಿ. "ಅಲ್ಲಿ ನನ್ನ ಜಾಡಿಗೆ ಯಾರು ಬೇಕಾದ್ರೂ ಕೈ ಹಾಕ್ತಾರೆ" ಎಂದರು. ಬಚ್ಚಲ ಪಕ್ಕದ ಕಿರುಕೋಣೆಯಲ್ಲಿ ತಣ್ಣೀರಿನ ತೊಟ್ಟಿ, ತೊಟ್ಟಿಯಲ್ಲಿ ಗಾಜಿನ ಜಾಡಿಗಳು, ಜಾಡಿಯೊಳಗೆ ಗಾಳಿಯ ಕೊಳವೆ, ಕಲ್ಲು, ಕೊಳೆತ ಎಲೆ. ಆ ತಾಯಿಯ ಮೊಟ್ಟೆಗಳನ್ನು ಎರಡು ಜಾಡಿಗೆ ಹಂಚಿದರು. ಹೋಲಿಸಿ ನೋಡಲೆಂದು ಪಕ್ಕದಲ್ಲೇ ಗಿಡ್ಡರೆಕ್ಕೆಯ ಮರಿಗಳ ಜಾಡಿಯನ್ನೂ ಇಟ್ಟರು. ಬಾಯಿಗೆ ತೆಳು ಬಟ್ಟೆ, ಬಟ್ಟೆಗೆ ರಬ್ಬರ್ ಬ್ಯಾಂಡ್. ಆ ಕೋಣೆಯ ಪಂಪು ಗುಳುಗುಳು ಎನ್ನುವುದನ್ನು ಕೇಳಿಕೊಂಡು ನಾವು ಒಂದು ವರ್ಷ ಬಾಳಿದೆವು. ನನ್ನ ಇಸ್ತ್ರಿಗೆ ನೀರು ಹಿಡಿಯುವ ನಲ್ಲಿಯೂ ಅದೇ ಕೋಣೆಯಲ್ಲಿತ್ತು. ಅದೇ ನನಗೆ ಮುಳುವಾಯಿತು.

ಮೊದಲನೇ ಜಾಡಿಯಲ್ಲಿ ನೊಣಗಳು ಹೊರಬರತೊಡಗಿದವು. ಉದ್ದರೆಕ್ಕೆ, ಉದ್ದರೆಕ್ಕೆ, ಇನ್ನೂ ಒಂದು ಉದ್ದರೆಕ್ಕೆ. ಭಾವ ಬಚ್ಚಲಲ್ಲಿ ಹಾಡತೊಡಗಿದರು. ಒಂದು ಬೆಳಿಗ್ಗೆ ಹಾಡು ಅರ್ಧಕ್ಕೇ ನಿಂತಿತು. ಜಾಡಿಯ ಕಲ್ಲಿನ ಮೇಲೆ ಒಂದು ಗಿಡ್ಡರೆಕ್ಕೆಯ ನೊಣ ಕೂತಿತ್ತು.

ಭಾವ ಸೀದಾ ನನ್ನ ಹೊಲಿಗೆ ಯಂತ್ರದ ಎದುರು ಬಂದು ನಿಂತರು. ಕೈಯಲ್ಲಿ ಚಿಮಟ, ಚಿಮಟದ ತುದಿಯಲ್ಲಿ ಒಂದು ಎಳೆ ನೀಲಿ ದಾರ.

"ಇದು ಯಾರ ದಾರ? ಜಾಡಿ ಬಾಯಿಗೆ ಅಂಟಿಕೊಂಡಿತ್ತು."

"ನನ್ನ ದಾರ ಈ ಮನೇಲಿ ಎಲ್ಲಿಲ್ಲ ಭಾವ? ನಿಮ್ಮ ಮೀಸೇಲೂ ಒಂದಿದೆ ನೋಡಿ."

ಅವರು ಮೀಸೆ ಮುಟ್ಟಿ ನೋಡಿಕೊಂಡರು, ನಿಜವಾಗಿಯೂ ಒಂದು ಎಳೆ ಇತ್ತು. ಆದರೆ ನಗಲಿಲ್ಲ. "ತೊಟ್ಟಿ ಒರೆಸೋವಾಗ ಬಟ್ಟೆ ತೆಗೆದಿದ್ದೀಯ. ಗಿಡ್ಡರೆಕ್ಕೆ ಜಾಡಿದು ಈ ಜಾಡಿಗೆ ಬಿದ್ದಿದೆ. ಬೇಕಂತ ಮಾಡಿದೆ ಅಂತ ನಾನು ಹೇಳ್ತಿಲ್ಲ."

"ಬೇಕಂತನೂ ಇಲ್ಲ, ಬೇಡಂತನೂ ಇಲ್ಲ. ನಾನು ಮುಟ್ಟಿಲ್ಲ ಭಾವ."

"ಮುಟ್ಟದೇ ಇದ್ರೆ ಅದು ಹೆಂಗೆ ಬಂತು?"

"ಅದನ್ನ ಆ ನೊಣವನ್ನೇ ಕೇಳಿ!"

"ಸುಳ್ಳು ಹೇಳ್ಬೇಡ ಸೂಜಿ" ಎಂದುಬಿಟ್ಟರು.

ಮೈಯೆಲ್ಲ ಉರಿದುಹೋಯಿತು. ನನ್ನ ಬಾಯಿ ಜೋರು, ನನಗೆ ಕೋಪ ಮೂಗಿನ ತುದಿಯಲ್ಲೇ, ಎಲ್ಲ ಒಪ್ಪಿದೆ. ಆದರೆ ಸುಳ್ಳು ಹೇಳುವವಳು ಎಂದು ಅದುವರೆಗೆ ಯಾರೂ ಅಂದಿರಲಿಲ್ಲ. ಆ ಮನೆಯ ಉಪ್ಪು ಡಬ್ಬಿಯಿಂದ ಹಿಡಿದು ಬೀರುವಿನ ಬೀಗದ ಕೈವರೆಗೆ ಎಲ್ಲ ನನ್ನ ಕೈಯಲ್ಲಿತ್ತು. ಅಂಥವಳ ಮಾತಿಗೆ ಒಂದು ಎಳೆ ದಾರದಷ್ಟೂ ಬೆಲೆ ಇಲ್ಲವೇ? ಆವತ್ತೇ ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಕಟ್ಟಿ ಬಾಗಿಲ ಬಳಿ ಇಟ್ಟೆ. ಅಕ್ಕ ಅತ್ತಳು. ಅವಳ ಕಣ್ಣೀರು ನೋಡಿ ಕಾಲು ಹೊರಗಿಡಲಾಗಲಿಲ್ಲ. ಆದರೂ ಕಡ್ಡಿ ಮುರಿದ ಹಾಗೆ ಹೇಳಿದೆ: "ಇನ್ನೊಂದು ಜಾಡಿ ಇದೆಯಲ್ಲ, ಅದೇ ತಾಯಿದು. ಅದರಿಂದಲೂ ಗಿಡ್ಡರೆಕ್ಕೆ ಬಂದ್ರೆ ನಾನು ಸುಳ್ಳಿ ಅಲ್ಲ ಅಂತ ಆಯ್ತು, ಇರ್ತೀನಿ. ಬರ್ಲಿಲ್ಲ ಅಂದ್ರೆ ನನ್ನ ದಾರಿ ನನಗೆ."

"ಅದಕ್ಕೂ ಯಾರಾದ್ರೂ ಕೈ ಹಾಕಿದ್ರೆ?" ಎಂದರು ಭಾವ, ಗೋಡೆಯನ್ನು ನೋಡುತ್ತ.

"ಹೊಲಿದು ಬಿಡ್ತೀನಿ. ಗುಂಡಿ ತೂತಿಗೆ ಹಾಕೋ ಕಾಜಾ ಹೊಲಿಗೆ. ಬಿಚ್ಚಿ ಮತ್ತೆ ಹಂಗೇ ಹಾಕೋಕೆ ನನ್ನ ಬಿಟ್ಟು ಯಾರ ಕೈಲೂ ಆಗಲ್ಲ."

"ಅದೇ ತೊಂದರೆ. ನಿನ್ನ ಕೈಲಿ ಆಗುತ್ತಲ್ಲ!"

ನೋಡಿ, ಎಂಥ ಮನುಷ್ಯ! ಕೊನೆಗೆ ಹೀಗಾಯಿತು: ಮರಿಗಳಿಗೆ ಸಾಕಾಗುವಷ್ಟು ಎಲೆ ಹಾಕಿ, ಜಾಡಿಯ ಕುತ್ತಿಗೆಗೆ ಬಟ್ಟೆ ಬಿಗಿದು ಹಳದಿ ದಾರದಲ್ಲಿ ಸುತ್ತಲೂ ಒತ್ತೊತ್ತಾಗಿ ನಾನು ಹೊಲಿದೆ. ಕಡೆಯ ಗಂಟಿನ ಮೇಲೆ ಅವರು ಅರಗು ಕರಗಿಸಿ ಸುರಿದು ತಮ್ಮ ಉಂಗುರ ಒತ್ತಿದರು. ನನಗೆ ಗೊತ್ತಾಗದೆ ಅವರು ಬಿಚ್ಚುವಂತಿಲ್ಲ, ಅವರಿಗೆ ಗೊತ್ತಾಗದೆ ನಾನು ಬಿಚ್ಚುವಂತಿಲ್ಲ. "ಹೊಲಿಗೆ ಬಿಚ್ಚಿದ ಜಾಡಿ ಲೆಕ್ಕಕ್ಕಿಲ್ಲ. ಯಾರು ಬಿಚ್ಚಿದ್ರೂ ಅಷ್ಟೇ" ಎಂದು ಭಾವ ಕಾನೂನು ಹೇಳಿದರು. ಹಳದಿ ದಾರ, ಅರಗಿನ ಮುದ್ರೆ ಸಮೇತ ಅದನ್ನು ಮೇಡಂಗೂ ಹೋಗಿ ಹೇಳಿ ಬಂದರು.

ಆಮೇಲೆ ಶುರುವಾಯಿತು ನೋಡಿ ಕಾವಲು. ನಾನು ನೀರು ಹಿಡಿಯಲು ಹೋದರೆ ಭಾವ ಬಾಗಿಲ ಬಳಿ ಬಂದು ಸುಮ್ಮಸುಮ್ಮನೆ ಕೆಮ್ಮುವರು. ಅವರು ಮಸೂರ ಹಿಡಿದು ಒಳಗೆ ಹೋದರೆ ನಾನು ಪೊರಕೆ ಹಿಡಿದು ಹಿಂದೆಯೇ ಹೋಗಿ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುವೆ. ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಬ್ಬರನ್ನೊಬ್ಬರು ಕಾದೆವು. ಮಾತು ನಿಂತುಹೋಯಿತು. "ಅಕ್ಕಾ, ಊಟ ತಣ್ಣಗಾಗ್ತಿದೆ ಅಂತ ನಿನ್ನ ಗಂಡನಿಗೆ ಹೇಳು" ಎಂದರೆ, ಅಲ್ಲೇ ಎದುರಿಗೆ ಕೂತ ಭಾವ "ಹಸಿವಿಲ್ಲ ಅಂತ ನಿನ್ನ ತಂಗಿಗೆ ಹೇಳು" ಎನ್ನುವರು. "ನಾನೇನು ಪೋಸ್ಟಾಫೀಸಾ?" ಎಂದು ಅಕ್ಕ ಇಬ್ಬರ ತಟ್ಟೆಯನ್ನೂ ಕುಕ್ಕುತ್ತಿದ್ದಳು.

ಹೊಲಿದ ಜಾಡಿಯಲ್ಲೂ ನೊಣಗಳು ಬರತೊಡಗಿದವು. ಎಲ್ಲವೂ ಉದ್ದರೆಕ್ಕೆ. ಭಾವ ಬಾಗಿಲ ಬಳಿಯ ನನ್ನ ಗೋಣಿಗಂಟನ್ನು ದಾಟುವಾಗಲೆಲ್ಲ ಒಂದು ಕ್ಷಣ ನಿಲ್ಲುವರು. ನನಗೆ ಅಳು ಬರುತ್ತಿತ್ತು. ಹೋಗಲು ಬೇರೆ ಮನೆ ಎಲ್ಲಿತ್ತು? ಇದ್ದಿದ್ದರೂ ಸುಳ್ಳಿ ಎನಿಸಿಕೊಂಡು ಹೋಗುವುದು ಹೇಗೆ? ಜಾಡಿಯಲ್ಲಿ ಒಂದೇ ಒಂದು ಮರಿ ಉಳಿಯಿತು.

ಒಂದು ದಿನ ಭಾವ ಕಿರುಕೋಣೆಯಲ್ಲಿ ಗಾಜಿಗೆ ಮಸೂರ ಒತ್ತಿಕೊಂಡು ಬಹಳ ಹೊತ್ತು ಕೂತರು. ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಅತ್ತ ತಲೆ ಹಾಕುವುದನ್ನೇ ಬಿಟ್ಟರು. ಕೆಮ್ಮಲಿಲ್ಲ, ಇಣುಕಲಿಲ್ಲ, ನಾನು ನೀರಿಗೆ ಹೋದರೆ ಹಿಂದೆ ಬರಲಿಲ್ಲ. ಬರಿದೇ ಕಿಟಕಿಯ ಬಳಿ ಕೂತು ಬೀದಿ ನೋಡುತ್ತಿದ್ದರು. ನನ್ನ ಕಿವಿ ನೆಟ್ಟಗಾಯಿತು. ಈ ಮನುಷ್ಯ ಕಾವಲು ಬಿಟ್ಟರು ಎಂದರೆ ಏನೋ ಹಂಚಿಕೆ ಹಾಕಿದ್ದಾರೆ ಎಂದೇ ಅರ್ಥ. ಅಕ್ಕನಿಗೆ ಹೇಳಿದೆ. ಅವಳು, "ನೀವಿಬ್ರೂ ಒಂದೇ ಅಚ್ಚು ಕಣೇ. ಅವರು ಗಂಡ, ನೀನು ತಂಗಿ, ಮಧ್ಯದಲ್ಲಿ ನಾನು" ಎಂದು ಗೊಣಗಿದಳು.

ಎರಡು ದಿನ ಕಳೆದು ಬೆಳಿಗ್ಗೆ ನೀರು ಹಿಡಿಯಲು ಹೋದವಳು ತೊಟ್ಟಿಯ ಮುಂದೆ ನಿಂತುಬಿಟ್ಟೆ. ಅರಗು ಒಡೆದಿತ್ತು. ನನ್ನ ಹಳದಿ ದಾರ ತುಂಡುತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಜಾಡಿಯ ಬಾಯಿಗೆ ದಪ್ಪನೆಯ ಬಿಳಿ ದಾರದಲ್ಲಿ ಯಾರೋ ಅಡ್ಡಾದಿಡ್ಡಿ ಹೊಲಿಗೆ ಹಾಕಿದ್ದರು. ವಸ್ತುಸಂಗ್ರಹಾಲಯದಲ್ಲಿ ಚೀಟಿ ಕಟ್ಟಲು ಬಳಸುವ ದಾರ ಅದು. ಆ ದಾರ ಇದ್ದದ್ದು ಭಾವನ ಜೇಬಿನಲ್ಲಿ ಮಾತ್ರ.

ಕಡೆಯ ಮರಿ ಗಿಡ್ಡರೆಕ್ಕೆಯದಾಗಿರಬೇಕು, ಇವರು ತೆಗೆದು ಚೆಲ್ಲಿರಬೇಕು. ಅಡುಗೆಮನೆಯಲ್ಲಿ ಭಾವ ಲೋಟ ಹಿಡಿದು ಕೂತಿದ್ದರು. ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು.

"ಯಾರ ಹೆಸರು ಉಳಿಸೋಕೆ ಭಾವ ಈ ಕಳ್ಳ ಕೆಲಸ? ಅಕ್ಕನ ಹೆಸರಾ, ನಿಮ್ಮ ಹೆಸರಾ? ನಾನು ಕೆಟ್ಟವಳಾದ್ರೂ ಪರವಾಗಿಲ್ವಾ?"

"ಹೌದು, ನಾನೇ ಬಿಚ್ಚಿದೆ" ಎಂದರು ಭಾವ. "ಮುಳುಗ್ತಾ ಇತ್ತು."

"ಏನು ಮುಳುಗ್ತಾ ಇತ್ತು?"

"ಹೋಗಿ ನೋಡು." ಕತ್ತಿನಿಂದ ಮಸೂರ ತೆಗೆದು ನನ್ನ ಕೈಗೆ ಕೊಟ್ಟರು. ಅದುವರೆಗೆ ಅದನ್ನು ಯಾರಿಗೂ ಮುಟ್ಟಲು ಬಿಟ್ಟವರಲ್ಲ.

ಹೋಗಿ ನೋಡಿದೆ. ಕಲ್ಲಿನ ಮೇಲೆ ಆಗಷ್ಟೇ ಚರ್ಮ ಬಿಟ್ಟ ನೊಣವೊಂದು ಒದ್ದೆಯಾಗಿ, ಬೆಳ್ಳಗೆ, ನಡುಗುತ್ತ ಕೂತಿತ್ತು. ರೆಕ್ಕೆ ನಡುಬೆನ್ನಿಗೇ ಮುಗಿದಿತ್ತು.

"ಮರಿಯ ಬೆನ್ನ ಮೇಲೆ ರೆಕ್ಕೆಯ ಮೊಗ್ಗು ಇರುತ್ತೆ" ಎಂದು ಭಾವ ಹಿಂದಿನಿಂದ ಹೇಳಿದರು. "ಅದು ಗಿಡ್ಡ ಇರೋದು ಮೊನ್ನೆಯೇ ಕಾಣಿಸ್ತು. ಇವತ್ತು ಬೆಳಿಗ್ಗೆ ತಡೀಲಾರದೆ ಬಂದು ನೋಡಿದೆ. ಹೊರಗೆ ಬಂದು ಕಲ್ಲಿನಿಂದ ಜಾರಿ ನೀರಿಗೆ ಬಿದ್ದಿತ್ತು. ಕಾಲು ಬಡೀತಾ ಇತ್ತು. ನಿನ್ನನ್ನ ಕರೆಯೋಷ್ಟು ಹೊತ್ತಿರಲಿಲ್ಲ. ಕತ್ತರಿ ತಗೊಂಡು ಹೊಲಿಗೆ ಕತ್ತರಿಸಿಬಿಟ್ಟೆ."

ಅವರು ಸುಮ್ಮನೆ ಬಾಗಿಲು ಹಾಕಿಕೊಂಡು ಹೋಗಿದ್ದರೆ ಸಾಕಿತ್ತು. ನೊಣ ಮುಳುಗಿ ಎಲೆಯಲ್ಲಿ ಕೊಳೆತು ಹೋಗುತ್ತಿತ್ತು, ಅವರ ಪ್ರಭೇದ ಉಳಿಯುತ್ತಿತ್ತು. ತಮ್ಮ ಜೀವಮಾನದ ಕೆಲಸವನ್ನು ಮುಳುಗಿಸುವ ಹುಳವನ್ನು ಈ ಮನುಷ್ಯ ತಮ್ಮ ಕೈಯಾರೆ ಎತ್ತಿ ಕಲ್ಲಿನ ಮೇಲೆ ಕೂರಿಸಿದ್ದರು.

"ರೀ, ಬಿಚ್ಚಿದ ಜಾಡಿ ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ?" ಎಂದಳು ಅಕ್ಕ ಮೆತ್ತಗೆ.

"ಹೌದು" ಎಂದರು ಭಾವ.

ಲೆಕ್ಕಕ್ಕಿಲ್ಲ ಎಂದರೆ ಅವರ ಪ್ರಭೇದವೂ ಉಳಿಯಿತು, ನನ್ನ ಮೇಲಿನ ಮಾತೂ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ನೊಣ ಗಟ್ಟಿಯಾಗಿ ಬೂದು ಬಣ್ಣಕ್ಕೆ ತಿರುಗಿತು. ರೆಕ್ಕೆ ಒಂದೆಳೆಯೂ ಉದ್ದವಾಗಲಿಲ್ಲ. ಭಾವ ಜಾಡಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ಎಲ್ಲಿಗೆ ಎಂದು ಹೇಳಲಿಲ್ಲ. ದಾರಿಯಲ್ಲಿ ಏನು ಮಾಡುತ್ತಾರೋ ಎಂದು ನಾನೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟೆ. ಆವತ್ತು ಅವರು ಬಸ್ಸಿನ ಬೋರ್ಡನ್ನೂ ಓದದೆ ಹತ್ತಿದರು, ಬೋರ್ಡು ಓದಿದವಳು ನಾನು.

ಹೊಸ ಮೇಡಂ ಅವರ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ. ಮೇಜಿನ ತುಂಬ ಸಣ್ಣ ಸಣ್ಣ ಶೀಷೆಗಳು. ಅವರು ಜಾಡಿಯನ್ನು ಬೆಳಕಿಗೆ ಹಿಡಿದು ನೊಣವನ್ನು ನೋಡಿದರು, ಆಮೇಲೆ ಬಾಯಿಯ ಹೊಲಿಗೆಯನ್ನು ನೋಡಿದರು.

"ಸರ್, ದಾರ ಬೇರೆ ಇದೆಯಲ್ಲ? ಅರಗೂ ಇಲ್ಲ."

"ನಾನೇ ಬಿಚ್ಚಿದೆ ಮೇಡಂ. ಮುಳುಗ್ತಾ ಇತ್ತು, ಎತ್ತಿ ಕಲ್ಲಿನ ಮೇಲಿಟ್ಟೆ. ಇದೇ ಜಾಡೀಲಿ ಹುಟ್ಟಿದ್ದು. ನೀವು ಹೇಳಿದ್ದೇ ಸರಿ, ಒಂದೇ ಪ್ರಭೇದ."

"ನೀವು ಬಿಚ್ಚಿದಾಗ ಯಾರಾದ್ರೂ ನೋಡಿದ್ರಾ?"

"ಇಲ್ಲ." ಭಾವನ ಹಣೆಯಲ್ಲಿ ಬೆವರು. "ನನ್ನ ಮಾತು ಬಿಟ್ರೆ ಬೇರೆ ಏನೂ ಇಲ್ಲ."

ಮೇಡಂ ಜಾಡಿಯನ್ನು ಮೇಜಿನ ಮೇಲಿಟ್ಟರು. "ಸಾಕು ಸರ್. ನೀವು ಹೇಳಿದ ಮೇಲೆ ಇನ್ನೇನು?"

ಅಷ್ಟೇ. ಭಾವ ಕಣ್ಣು ಪಿಳಿಪಿಳಿ ಬಿಟ್ಟರು. "ಅಷ್ಟು ಸುಲಭವಾಗಿ ಹೆಂಗೆ ನಂಬ್ತೀರಿ?" ಎಂದು ಕೇಳಿಯೇಬಿಟ್ಟರು, ಬೈಯುವವರ ಹಾಗೆ. ಮೇಡಂ ನಕ್ಕು ಕುರ್ಚಿ ತೋರಿಸಿದರು. ಅಕ್ಕನ ಹೆಸರು ರದ್ದಾದ ಹಳೆಯ ಹೆಸರುಗಳ ಸಾಲಿಗೆ ಸೇರುತ್ತದೆ ಎಂದೂ, ಒಂದೇ ತಾಯಿಗೆ ಎರಡು ಥರದ ಮಕ್ಕಳು ಯಾಕೆ ಎಂಬುದನ್ನು ಇನ್ನು ಮುಂದೆ ಇಬ್ಬರೂ ಕೂಡಿ ನೋಡೋಣ ಎಂದೂ ಹೇಳಿದರು. ಭಾವ ತಲೆಯಾಡಿಸಿದರು. ಎಷ್ಟು ಕಿವಿಗೆ ಬಿತ್ತೋ ಗೊತ್ತಿಲ್ಲ.

ಮೆಟ್ಟಿಲಿಳಿಯುವಾಗ ನಡುವೆ ನಿಂತರು. ತಿರುಗಿ ನೋಡಲಿಲ್ಲ.

"ಸೂಜಿ, ಆವತ್ತು ನೀನು ಮುಟ್ಟಿಲ್ಲ ಅಂದೆ."

"ಅಂದೆ."

"ಅಷ್ಟೇ ಸಾಕಿತ್ತು ನನಗೆ" ಎಂದರು. "ಸಾಕಾಗ್ಬೇಕಿತ್ತು."

ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಕೈಯಿಂದ ಖಾಲಿ ಚೀಲ ಇಸಿದುಕೊಂಡೆ.

ಮನೆಯಲ್ಲಿ ಅಕ್ಕ ಎಲ್ಲ ಕೇಳಿ, "ಹೋಗ್ಲಿ ಬಿಡಿ, ಇನ್ನಾದ್ರೂ ನನ್ನ ಕೈಗಡಿಯಾರ ಬರುತ್ತೇನೋ" ಎಂದಳು. ಹೇಳಿ ಸ್ವಲ್ಪ ಹೊತ್ತು ಒಳಗೆ ಹೋಗಿ ಕೂತಳು. ಭಾವ ಬಾಗಿಲ ಬಳಿ ಹೋಗಿ, ಗೋಣಿಯ ಗಂಟು ತಾವೇ ಬಿಚ್ಚಿ, ಹೊಲಿಗೆ ಯಂತ್ರವನ್ನು ಏದುಸಿರು ಬಿಡುತ್ತ ಕಿಟಕಿಯ ಕೆಳಗೆ ಅದರ ಜಾಗಕ್ಕೆ ತಂದು ನಿಲ್ಲಿಸಿದರು. ಕೈಯಲ್ಲಿ ಒಮ್ಮೆ ಅಲ್ಲಾಡಿಸಿದರು. ಕಾಲುಗಳು ಸಮವಾಗಿ ಕೂತಿವೆಯೋ ಇಲ್ಲವೋ ಎಂದು ಅನುಮಾನ ಬಂದಿರಬೇಕು, ಮಸೂರ ಹಿಡಿದು ನೆಲಕ್ಕೆ ಬಗ್ಗತೊಡಗಿದರು.

"ಸಮ ಇದೆ ಭಾವ" ಎಂದೆ.

ಅರ್ಧ ಬಗ್ಗಿದವರು ಹಾಗೇ ನಿಂತರು. ಆಮೇಲೆ ನೆಟ್ಟಗಾಗಿ, "ಸರಿ ಹಾಗಾದ್ರೆ" ಎಂದು ಕೈ ಝಾಡಿಸಿಕೊಂಡು ಒಳಗೆ ಹೋದರು.